ಹಾರನಹಳ್ಳಿಯಲ್ಲಿ ತೆಗೆದುಕೊಳ್ಳದೆ ಬಂದ ಗಿಟುಕು

ಮೈಸೂರಿನಿಂದ ಅರಸೀಕೆರೆಗೆ ಹೋಗುವ ಬೆಳಗಿನ ಪ್ಯಾಸೆಂಜರ್ ರೈಲು ಅಂದು ಹದಿನೈದು ನಿಮಿಷ ತಡವಾಗಿ ಹೊರಟಿತು. ಟಿಕೆಟ್ಟು ಇಪ್ಪತ್ತೇಳು ರೂಪಾಯಿ. ಡಿಸೆಂಬರಿನ ಚಳಿಗೆ ಎಲ್ಲರೂ ಕಿಟಕಿ ಇಳಿಸಿ ಕೂತಿದ್ದರು. ನಾನು ನನ್ನದನ್ನು ಎರಡು ಬೆರಳಷ್ಟು ಎತ್ತಿಟ್ಟುಕೊಂಡಿದ್ದೆ. ಎದುರಿನ ಮುದುಕರು ‘ಗಾಳಿ ಬತ್ತದೆ ಕಣವ್ವ’ ಎಂದ ಮೇಲೆ ಅದೂ ಮುಚ್ಚಿತು. ಹೊಳೆನರಸೀಪುರದವರೆಗೆ ನೋಡಲು ಏನೂ ಇಲ್ಲದೆ ಚೀಲದಿಂದ ಗಿರಿಜಾಳ ಪೋಸ್ಟ್‌ಕಾರ್ಡು ತೆಗೆದು ಮತ್ತೆ ಓದಿದೆ.

ಗಿರಿಜಾ ಮತ್ತು ನಾನು ಚರಿತ್ರೆಯ ಎಂ.ಎ. ಓದುವಾಗ ಹಾಸ್ಟೆಲಿನಲ್ಲಿ ಎರಡು ವರ್ಷ ಒಂದೇ ಕೋಣೆಯಲ್ಲಿದ್ದವರು. ಪರೀಕ್ಷೆ ಮುಗಿದ ಮೇಲೆ ಹಾರನಹಳ್ಳಿಯ ಅವಳ ಮನೆಗೆ ಹೋಗಿ ಎರಡು ದಿನ ಇದ್ದು ಬಂದಿದ್ದೆ. ಅಲ್ಲಿಗೆ ಸ್ನೇಹ ನಿಂತುಹೋಯಿತು. ಅವಳೂ ಕಾಗದ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಹನ್ನೊಂದು ವರ್ಷವಾದ ಮೇಲೆ, ಈ ಅಕ್ಟೋಬರಿನಲ್ಲಿ, ನಾನೇ ಬರೆದೆ. ಅಡುಗೆ ಮಾಡುತ್ತ ನಿಂತಾಗ, ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವಾಗ, ಏನಾದರೂ ತಮಾಷೆಯ ಸಂಗತಿ ಕಂಡರೆ ಇನ್ನೂ ಅವಳಿಗೇ ಹೇಳಬೇಕು ಅನ್ನಿಸುತ್ತಿತ್ತು. ಬೇರೆ ಕಾರಣವೇನೂ ಇರಲಿಲ್ಲ. ಅವಳ ಉತ್ತರದಲ್ಲಿ ಬೇಸರವೂ ಇರಲಿಲ್ಲ, ಸಂತೋಷವೂ ಇರಲಿಲ್ಲ: ‘ಶನಿವಾರ ಹಾರನಹಳ್ಳಿಗೆ ಬಂದಿರುತ್ತೇನೆ. ಬಾ. ಭಾನುವಾರ ಸಂಜೆಯೊಳಗೆ ಬಿಕ್ಕೋಡಿಗೆ ವಾಪಸಾಗಬೇಕು. ದಾರಿಯಲ್ಲಿ ಹಳೇಬೀಡು, ಬೇಲೂರು ನೋಡಬಹುದು.’ ಬಿಕ್ಕೋಡಿನ ಶಾಲೆಯಲ್ಲಿ ಅವಳು ಟೀಚರು. ಗಂಡ ಅಲ್ಲಿಯೇ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರು.

ಆ ಕಾಲದ ನನ್ನ ಡೈರಿಯನ್ನೂ ತಂದಿದ್ದೆ. ಹಾರನಹಳ್ಳಿಯಿಂದ ಹೊರಟ ದಿನದ ಪುಟದಲ್ಲಿ ಒಂದೇ ಸಾಲಿದೆ: ‘ಗಿರಿಜಾ ಸ್ಟೇಷನ್ನಿಗೆ ಬರಲಿಲ್ಲ.’ ಅರಸೀಕೆರೆಯ ಪ್ಲಾಟ್‌ಫಾರಂ, ಸಿಮೆಂಟಿನ ಬೆಂಚು, ಮೆಟ್ಟಿಲು ಇಳಿದು ಬರುವ ಪ್ರತಿ ಜಡೆಯನ್ನೂ ಅವಳದೇ ಎಂದು ನೋಡುತ್ತಿದ್ದ ನಾನು, ಇವೆಲ್ಲ ನನಗೆ ಸ್ಪಷ್ಟವಾಗಿ ನೆನಪಿವೆ. ಇಷ್ಟು ಸ್ಪಷ್ಟವಾಗಿರುವುದರಿಂದಲೇ ಅನುಮಾನ. ಒಂದೇ ಸಾಲನ್ನು ಹನ್ನೊಂದು ವರ್ಷ ಓದಿ ಓದಿ ಉಳಿದದ್ದನ್ನು ನಾನೇ ಬರೆದುಕೊಂಡಿರಲೂಬಹುದು.

ಅರಸೀಕೆರೆಯಲ್ಲಿ ಇಳಿದಾಗ ಗಂಟೆ ಹನ್ನೆರಡರ ಹತ್ತಿರ. ಬೆಂಚು ಸಿಮೆಂಟಿನದಲ್ಲ, ಕಲ್ಲಿನದು. ಸ್ಟೇಷನ್ನಿನ ಹೊರಗೆ ಒಂದು ಕಾಫಿ ಕುಡಿದು, ಹಾರನಹಳ್ಳಿಯ ಟೆಂಪೋ ಹತ್ತಿದೆ. ಎಂಟು ಕಿಲೋಮೀಟರಿಗೆ ಮೂರು ರೂಪಾಯಿ. ರಸ್ತೆಯ ಎರಡೂ ಕಡೆ ತೆಂಗು.

ಗಿರಿಜಾ ಬಾಗಿಲಲ್ಲೇ ನಿಂತಿದ್ದಳು. ಸ್ವಲ್ಪ ದಪ್ಪಗಾಗಿದ್ದಳು, ಕನ್ನಡಕ ಬಂದಿತ್ತು. ‘ಬಾ’ ಎಂದಳು. ನಾನು ತಬ್ಬಿಕೊಳ್ಳಬೇಕೆಂದು ಎರಡು ಹೆಜ್ಜೆ ಮುಂದಿಟ್ಟಾಗ ಅವಳು ಚೀಲ ಇಸಿದುಕೊಳ್ಳಲು ಕೈ ಚಾಚಿದಳು. ಚೀಲ ಕೊಟ್ಟೆ.

ತಂದೆ ತಾಯಿ ಇಬ್ಬರೂ ಈಗಿಲ್ಲ. ಮನೆ, ತೋಟ, ಕೊಬ್ಬರಿ ವ್ಯಾಪಾರ ಎಲ್ಲ ತಮ್ಮನದು. ಅವನು ತಿಪಟೂರಿಗೆ ಹೋಗಿದ್ದ. ಅವನ ಹೆಂಡತಿ ಸುಮಾ ಕೈ ಒರೆಸಿಕೊಳ್ಳುತ್ತ ಒಳಗಿನಿಂದ ಬಂದು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

‘ಓ, ನೀವೇನಾ ಮೈಸೂರಮ್ಮ? ನಾನು ಈ ಮನೆಗೆ ಬಂದಾಗಿಂದ ನಿಮ್ಮ ಹೆಸರು ಕೇಳ್ತಾನೇ ಇವ್ನಿ ಕಣ್ರೀ.’

‘ಸುಮಾ, ಊಟಕ್ಕಿಡು’ ಎಂದಳು ಗಿರಿಜಾ.

‘ಇಡ್ತೀನಿ ತಡೀರಿ ಅತ್ತಿಗೆ. ನಮ್ಮನೇಲಿ ಯಾರಾರ ದಡದಡ ಹೊಂಟ್ರೆ, ಮೈಸೂರಮ್ಮನಂಗೆ ಓಡಬ್ಯಾಡ ಅಂತೀವಿ. ಗಿಟುಕು ತಗಳ್ದೆ ಹೊಂಟೋದೋರು ಇಡೀ ಅರಸೀಕೆರೆ ತಾಲ್ಲೂಕಲ್ಲಿ ನೀವೊಬ್ರೇಯ!’

ನಾನು ನಕ್ಕೆ. ಅರ್ಥವಾಗದೆ ನಕ್ಕದ್ದು. ಸುಮಾ ಬಿಡಿಸಿ ಹೇಳಿದಳು. ಮೊದಲ ಸಲ ಮನೆಗೆ ಬಂದ ಹೆಣ್ಣುಮಗಳು ಹೊರಡುವಾಗ ಹೊಸಲಿನ ಒಳಗೆ ನಿಲ್ಲಿಸಿ, ಕುಂಕುಮ ಇಟ್ಟು, ಸೆರಗಿಗೆ ಎರಡು ಗಿಟುಕು, ಒಂದಚ್ಚು ಬೆಲ್ಲ ಹಾಕಿ ಕಳಿಸುವುದು ಈ ಮನೆಯ ಪದ್ಧತಿ. ಗಿಟುಕು ಎಂದರೆ ಒಡೆಯದ ಇಡೀ ಕೊಬ್ಬರಿ. ಹನ್ನೊಂದು ವರ್ಷದ ಹಿಂದೆ ನಾನು ಹೊರಟ ಬೆಳಿಗ್ಗೆ ಗಿರಿಜಾಳ ತಾಯಿ ಅದನ್ನು ಆರಿಸಲು ಅಟ್ಟ ಹತ್ತಿದ್ದರಂತೆ. ಗಿರಿಜಾ ಹೂ ತರಲು ಹೋಗಿದ್ದಳಂತೆ. ಇಬ್ಬರೂ ಬರುವಷ್ಟರಲ್ಲಿ ನಾನಿರಲಿಲ್ಲ.

ಊಟಕ್ಕೆ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಅವರೆಕಾಳಿನ ಸಾರು. ಇಷ್ಟು ಒಳ್ಳೆಯ ರೊಟ್ಟಿಯನ್ನು ನಾನು ಇಷ್ಟು ಕಷ್ಟಪಟ್ಟು ಎಂದೂ ತಿಂದಿರಲಿಲ್ಲ. ಅಂದಿನ ಬೆಳಿಗ್ಗೆ ನಿಧಾನವಾಗಿ ನೆನಪಿಗೆ ಬಂತು, ಅಥವಾ ಬಂದಂತೆ ಅನ್ನಿಸಿತು: ಖಾಲಿ ನಡುಮನೆ, ಎಲ್ಲರಿಗೂ ತೊಂದರೆಯೇಕೆ ಎಂಬ ನನ್ನ ಜಾಣತನ, ಅಂಗಡಿಯಲ್ಲಿದ್ದ ಅವಳ ತಂದೆಗೆ ‘ಬರ್ತೀನಿ’ ಎಂದು ಕೈಮುಗಿದು ಟೆಂಪೋ ಹತ್ತಿದ್ದು. ಇದು ಡೈರಿಯಲ್ಲಿಲ್ಲ. ಅವಳು ಬರಲಿಲ್ಲ ಎಂದು ಬರೆದವಳು, ನಾನು ಅವಳಿಗೆ ಹೇಳದೆ ಬಂದೆ ಎಂದು ಬರೆದಿರಲಿಲ್ಲ.

ಮಧ್ಯಾಹ್ನ ಸುಮಾ ನನ್ನನ್ನು ಅಟ್ಟಕ್ಕೆ ಹತ್ತಿಸಿದಳು. ಸಿಪ್ಪೆ ಸುಲಿಯದ ಸಾವಿರಾರು ಕಾಯಿಗಳು ಅರೆಗತ್ತಲಲ್ಲಿ ಮಲಗಿದ್ದವು. ಹತ್ತು ಹನ್ನೊಂದು ತಿಂಗಳು ಅವನ್ನು ಮುಟ್ಟುವುದಿಲ್ಲ. ಒಳಗಿನ ನೀರು ತಾನಾಗಿ ಇಂಗಬೇಕು, ಕೊಬ್ಬರಿ ಚಿಪ್ಪನ್ನು ಬಿಡಬೇಕು. ‘ಅಲ್ಲಾಡಿಸಿ ನೋಡಿ, ಯಾವ್ದು ಆಗೈತೆ ಹೇಳಿ’ ಎಂದಳು. ಏಳೆಂಟನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದೆ. ಒಂದು ಚೆನ್ನಾಗಿ ಸದ್ದು ಮಾಡಿತು. ‘ಇದು’ ಎಂದೆ. ಕೆಳಗೆ ತಂದು ಒಡೆದಳು. ನೀರಿತ್ತು.

‘ಅದು ನೀರು ಕುಲುಕೋ ಸದ್ದು ಕಣ್ರೀ. ಕೊಬ್ಬರಿ ಸದ್ದು ಲೊಟಲೊಟ ಅಂತದೆ, ಒಣಗಿದ ಸದ್ದು. ಎಂ.ಎ. ಓದ್ದೋರಿಗೆ ಇಷ್ಟೂ ಗೊತ್ತಾಗ್ಲಿಲ್ವಾ?’

‘ಅವಳಿಗೆ ಕಾಯೋಕೆ ಬರಲ್ಲ ಬಿಡು’ ಎಂದಳು ಗಿರಿಜಾ. ನಗುತ್ತಲೇ ಹೇಳಿದಳು. ಆ ಕಾಯಿ ಕೊಬ್ಬರಿಗೂ ಆಗದೆ, ಹಸಿಕಾಯಿಯ ರುಚಿಯೂ ಉಳಿಯದೆ, ಸಂಜೆ ದನದ ಕಲಗಚ್ಚಿನ ಬಾನಿಗೆ ಹೋಯಿತು.

ಭಾನುವಾರ ಬೆಳಿಗ್ಗೆ ಹೊರಡುವಾಗ ಸುಮಾ ನನ್ನ ರಟ್ಟೆ ಹಿಡಿದು ಹೊಸಲಿನ ಒಳಗೆ ನಿಲ್ಲಿಸಿ, ‘ಈಗ ಓಡಿ ನೋಡಣ!’ ಎಂದು ಕುಂಕುಮ ಇಟ್ಟು, ಎರಡು ಗಿಟುಕು, ಬೆಲ್ಲ ಸೆರಗಿಗೆ ಹಾಕಿದಳು. ನನ್ನ ಕಣ್ಣು ತುಂಬಿತು. ತಿರುಗಿ ನೋಡಿದರೆ ಗಿರಿಜಾ ಅಂಗಳದಾಚೆ ರಸ್ತೆಯಲ್ಲಿ ನಿಂತು ಟೆಂಪೋಗೆ ಕೈ ಅಡ್ಡ ಹಾಕುತ್ತಿದ್ದಳು. ಸೆರಗು ತುಂಬಿದ್ದರೂ ಅಂದಿನ ಬಾಕಿ ತೀರಲಿಲ್ಲ. ಕೊಡಬೇಕಾಗಿದ್ದವರು ಬೇರೆ, ಕೊಟ್ಟವರು ಬೇರೆ.

ಅರಸೀಕೆರೆಯಿಂದ ಜಾವಗಲ್ ಮೇಲೆ ಹೋಗುವ ಬಸ್ಸು ಹಳೇಬೀಡಿಗೆ ಎರಡು ಗಂಟೆ ತೆಗೆದುಕೊಂಡಿತು. ದಾರಿಯುದ್ದಕ್ಕೂ ಗಿರಿಜಾ ಮಾತಾಡಿದಳು. ಶಾಲೆಯ ಮಕ್ಕಳು, ಆನೆ ಬಂದ ದಿನ ರಜ ಕೊಡುವ ಹೆಡ್‌ಮಾಸ್ಟರು, ತನ್ನ ಮಗಳ ಕೆಮ್ಮು, ಹೊಸದಾಗಿ ಕಲಿಯುತ್ತಿರುವ ಹೊಲಿಗೆ. ಕೆಲಸ ಸಿಕ್ಕಿದ ಹೊಸದರಲ್ಲಿ ಭಾನುವಾರಗಳಂದು ಒಬ್ಬಳೇ ಬೇಲೂರಿಗೆ ಬಂದು ಗುಡಿಯ ಜಾಲಂಧ್ರಗಳನ್ನು, ಆ ಕಲ್ಲಿನ ಜಾಲರಿ ಕಿಟಕಿಗಳನ್ನು, ನೋಡಿ ರಂಗೋಲಿ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದಳಂತೆ. ‘ಒಬ್ಬಳೇ’ ಎಂಬ ಮಾತನ್ನು ಒತ್ತಿ ಹೇಳಿದಳೇ, ನನಗೆ ಹಾಗೆ ಕೇಳಿಸಿತೇ, ತಿಳಿಯದು. ಹಾಸ್ಟೆಲಿನಲ್ಲಿ ಆ ಯೋಜನೆ ಇಬ್ಬರದಾಗಿತ್ತು.

ಹಳೇಬೀಡಿನಲ್ಲಿ ಶಾಲೆಯ ಪ್ರವಾಸದ ಮೂರು ಬಸ್ಸುಗಳು ನಿಂತಿದ್ದವು. ಗುಡಿಯ ಸುತ್ತ ಒಂದು ಸುತ್ತು ಹಾಕುವುದರಲ್ಲಿ ಮಕ್ಕಳ ಗದ್ದಲ ತಾಳಲಾರದೆ ಆಟೋ ಮಾಡಿಕೊಂಡು ಹುಲಿಕೆರೆಗೆ ಹೋದೆವು. ಅಲ್ಲಿನ ಕಲ್ಯಾಣಿಗೆ ಯಾರೂ ಬರುವುದಿಲ್ಲ. ಸುತ್ತ ಪುಟ್ಟ ಪುಟ್ಟ ಗುಡಿಗಳು, ನಡುವೆ ಹಸಿರು ನೀರು. ಮೆಟ್ಟಿಲ ಮೇಲೆ ಕೂತು ಸುಮಾ ಕಟ್ಟಿಕೊಟ್ಟ ಚಿತ್ರಾನ್ನ ಬಿಚ್ಚಿದೆವು. ಎರಡು ತುತ್ತು ಇಳಿದ ಮೇಲೆ ನಾನೇ ಕೇಳಿದೆ.

‘ಅಮ್ಮ ಅವತ್ತು ತುಂಬ ಬೇಜಾರು ಮಾಡ್ಕೊಂಡ್ರಾ?’

ಗಿರಿಜಾ ಕರಿಬೇವನ್ನು ಆರಿಸಿ ಪಕ್ಕಕ್ಕಿಟ್ಟಳು. ‘ಬೇಜಾರಲ್ಲ. ನಮ್ಮ ಮನೇದು ನಿನಗೆ ಬೇಡ ಅಂತ ಅಂದ್ಕೊಂಡ್ರು. ನಿಮ್ಮವರು ನಮ್ಮ ಕೈದು ಮುಟ್ಟಲ್ಲವೇನೋ ಅಂತ. ಆಮೇಲೆ ನಿನ್ನ ಹೆಸರೇ ಎತ್ತಲಿಲ್ಲ. ಈಗ ತಮಾಷೆ ಮಾಡ್ತಾರಲ್ಲ, ಅದು ಸುಮಾ ಬಂದ ಮೇಲೆ ಶುರುವಾಗಿದ್ದು. ಮೊದಲು ತಮಾಷೆ ಆಗಿರ್ಲಿಲ್ಲ ಕಣೇ.’

‘ಎರಡು ದಿನ ನಿಮ್ಮನೇಲೇ ಉಂಡಿದ್ನಲ್ಲೇ!’

‘ನಾನೂ ಅದೇ ಹೇಳ್ದೆ. ಮನೇಲಿ ಉಣ್ಣೋದು ಬೇರೆ, ಸೆರಗಲ್ಲಿ ಕಟ್ಕೊಂಡು ಹೋಗೋದು ಬೇರೆ ಅಂದ್ರು.’

‘ನಿನಗೂ ಹಾಗೇ ಅನ್ನಿಸ್ತಾ?’

‘ಕಾಗದ ಬರ್ತದೆ, ಕಾರಣ ಬರೀತಾಳೆ ಅಂತ ನೋಡ್ದೆ. ಬರ್ಲಿಲ್ಲ. ಆಮೇಲೆ ಅನ್ನಿಸ್ತು.’

ಅರಸೀಕೆರೆಯ ಪ್ಲಾಟ್‌ಫಾರಂನಲ್ಲಿ ನಾನು ಅವಳಿಗಾಗಿ ಕಾದದ್ದನ್ನು ಹೇಳಿದೆ. ಅವಳು ಹೂ ಹಿಡಿದುಕೊಂಡು ಟೆಂಪೋ ನಿಲ್ಲುವಲ್ಲಿಗೆ ಓಡಿದ್ದನ್ನು ಹೇಳಿದಳು. ಕನಕಾಂಬರ ಎಂದಳು. ನನಗಾಗಿಯೇ ಯಾರದೋ ಹಿತ್ತಿಲಲ್ಲಿ ಕೇಳಿ ಬಿಡಿಸಿಕೊಂಡು ಬಂದದ್ದು. ಎಂಟು ಕಿಲೋಮೀಟರಿನ ಎರಡು ತುದಿಯಲ್ಲಿ ಇಬ್ಬರೂ ಒಂದೇ ಹೊತ್ತಿನಲ್ಲಿ ಒಬ್ಬರಿಗೊಬ್ಬರು ಕಾದಿದ್ದೆವು. ಇದು ಕೇಳಲು ಎಷ್ಟು ಚೆನ್ನಾಗಿದೆಯೆಂದರೆ, ನನಗೆ ನಂಬಲು ಭಯ. ಇಬ್ಬರ ತಪ್ಪೂ ಸಮ ಎಂದು ಮುಗಿಸಿಬಿಡಲು ಅನುಕೂಲವಾದ ಕತೆ ಅದು. ನಿಜವೆಂದರೆ ಹೇಳದೆ ಹೊರಟವಳು ನಾನು. ಅದನ್ನು ಜೋರಾಗಿಯೇ ಹೇಳಿದೆ. ‘ತಪ್ಪಾಯ್ತು ಗಿರಿಜಾ. ಅಮ್ಮ ಇದ್ದಾಗ ಬಂದು ಹೇಳಬೇಕಿತ್ತು.’

‘ಹೂಂ. ಬರಬೇಕಿತ್ತು’ ಎಂದಳು ಗಿರಿಜಾ. ಪರವಾಗಿಲ್ಲ ಎನ್ನಲಿಲ್ಲ. ತನ್ನ ಡಬ್ಬಿಯಲ್ಲಿದ್ದ ಕಡಲೆಬೀಜವನ್ನೆಲ್ಲ ನನ್ನ ಕಡೆ ಸರಿಸಿದಳು. ಹಾಸ್ಟೆಲಿನಲ್ಲೂ ಅವಳು ಕಡಲೆಬೀಜ ತಿನ್ನುತ್ತಿರಲಿಲ್ಲ.

ಬೇಲೂರು ಅಲ್ಲಿಂದ ಒಂದು ಗಂಟೆಯ ದಾರಿಯೂ ಅಲ್ಲ. ಗುಡಿಯಲ್ಲಿ ಅವಳು ತಾನು ಇಳಿಸಿಕೊಂಡಿದ್ದ ಜಾಲಂಧ್ರವೊಂದನ್ನು ತೋರಿಸಿ, ಎಲ್ಲಿಂದ ಚುಕ್ಕಿ ಶುರು ಮಾಡಬೇಕೆಂದು ಗಾಳಿಯಲ್ಲಿ ಬೆರಳಾಡಿಸಿದಳು. ನಾನು ಕಲಿತೆನೆಂದು ತಲೆಯಾಡಿಸಿದೆ. ಕಲಿಯಲಿಲ್ಲ. ಅವಳ ಬೆರಳನ್ನು ನೋಡುತ್ತಿದ್ದೆ, ಚುಕ್ಕಿಗಳನ್ನಲ್ಲ.

ನಾಲ್ಕೂವರೆಗೆ ಬಸ್ ಸ್ಟ್ಯಾಂಡಿಗೆ ಬಂದೆವು. ನನಗೆ ಹಾಸನದ ಮೇಲೆ ಮೈಸೂರಿಗೆ ಹೋಗಬೇಕಿತ್ತು. ಬಿಕ್ಕೋಡಿನ ಬಸ್ಸು ಮೊದಲೇ ನಿಂತಿತ್ತು, ಹೊರಡುವ ಸೂಚನೆಯಿರಲಿಲ್ಲ. ಗಿರಿಜಾ ಹತ್ತಿ ಕಿಟಕಿಯ ಪಕ್ಕ ಕೂತಳು. ನಾನು ಕೆಳಗೆ ನಿಂತೆ. ಬಿಸಿಲು ಚುರುಕಾಗಿದೆ ಎಂದೆ. ಅವಳು ಹೌದೆಂದಳು. ‘ಹತ್ತು, ನಮ್ಮನೆಗೆ ಬಂದು ಹೋಗು’ ಎನ್ನಲಿ ಎಂದು ಕಾದೆ. ಅವಳು ಅನ್ನಲಿಲ್ಲ. ಕರೆಯಲು ಮನಸ್ಸಿಲ್ಲ ಎಂದುಕೊಂಡೆ. ಹಾಗೆಂದುಕೊಂಡು ಹಾಸನದ ಬಸ್ಸಿನ ಕಡೆ ಒಂದು ಹೆಜ್ಜೆ ಇಟ್ಟೂ ಬಿಟ್ಟೆ. ಅಲ್ಲಿ ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ಅವಳ ಮನಸ್ಸಿನಲ್ಲಿರುವುದನ್ನು ಅವಳನ್ನು ಕೇಳದೆ ನಾನೇ ಓದಿ ಮುಗಿಸುವುದು ಇನ್ನೆಷ್ಟು ವರ್ಷ?

ವಾಪಸು ಬಂದು ಕಿಟಕಿಯ ಸರಳು ಹಿಡಿದು ಕೇಳಿದೆ: ‘ಗಿರಿಜಾ, ನಾನೂ ಬರ್ಲಾ?’

ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು.

‘ಇವತ್ತು ಬೇಡ ಕಣೇ’ ಎಂದಳು. ‘ಇವತ್ತು ಬಂದ್ರೆ ನೀನು ನೆಂಟಳಾಗ್ತೀಯ. ನಾನು ಅಡುಗೆ ಮಾಡಿ ಬಡಿಸ್ತೀನಿ, ನೀನು ಚೆನ್ನಾಗಿದೆ ಅಂತೀಯ. ನನಗಿನ್ನೂ ಸ್ವಲ್ಪ ಕೋಪ ಐತೆ. ಅದು ಹೋಗ್ಲಿ. ಕಾಗದ ಬರಿ. ಉತ್ತರ ಬರ್ಲಿಲ್ಲ ಅಂದ್ರೂ ಇನ್ನೊಂದು ಬರಿ.’

‘ಎಷ್ಟು ಬರೀಲಿ?’

‘ನಾನು ಸಾಕು ಅನ್ನೋವರ್ಗೂ.’

ಕಂಡಕ್ಟರ್ ಸೀಟಿ ಊದಿದ. ಬಸ್ಸು ಹಿಂದಕ್ಕೆ ಬಂದು, ತಿರುಗಿ, ರಸ್ತೆಗೆ ಸೇರಿತು. ನಾನು ಅಲ್ಲಿಯೇ ನಿಂತಿದ್ದೆ. ತಿರುವಿನಲ್ಲಿ ಅವಳು ಹಿಂದಿರುಗಿ ನೋಡಿದಳು ಎಂದು ಬರೆಯಲು ಬಹಳ ಆಸೆ. ಧೂಳೆದ್ದಿತ್ತು, ಬಿಸಿಲು ಕಣ್ಣಿಗೇ ಹೊಡೆಯುತ್ತಿತ್ತು. ನನಗೆ ಕಾಣಿಸಲಿಲ್ಲ.