ಅರಳೆ ಬೋರಾದೊಳಗಿನ ವಿರೋಧಾಭಾಸ

ವಿರೋಧಾಭಾಸ ಎಂಬ ಪದದ ಅರ್ಥವನ್ನು ನನಗೆ ಹೇಳಿದವಳು ಮಗಳು, ಅದೂ ನನ್ನ ತಲೆ ಅರ್ಧ ನರೆತ ಮೇಲೆ. ನಾಲ್ಕನೆಯ ತರಗತಿಗೇ ಪಾಟಿ ಕೆಳಗಿಟ್ಟವನು ನಾನು. ಎರಡು ಮಾತು ಒಂದನ್ನೊಂದು ಹೊಡೆಯುತ್ತವೆ, ಆದರೂ ಎರಡೂ ನಿಜವಾಗಿರುತ್ತವೆ, ಎಂದಳು. ಉದಾಹರಣೆ ಓದಲು ಪುಸ್ತಕದ ಹಾಳೆ ತಿರುವಿದಳು. ಬೇಡ ತಾಯಿ, ಎಂದೆ. ಉದಾಹರಣೆಗಳು ನನ್ನ ಹತ್ತಿರವೇ ಬೇಕಾದಷ್ಟಿದ್ದವು.

ಆದೋನಿ ಹೊಸ ಆಂಧ್ರಕ್ಕೆ ಸೇರಿದ ಆಸುಪಾಸಿನ ವರ್ಷಗಳು. ಪೆದ್ದಕಡುಬೂರಿನಲ್ಲಿ ಗಂಡುಮಕ್ಕಳಿಲ್ಲದ ಮನೆಗೆ ನಾನು ಮನೆಯಳಿಯನಾಗಿ ಹೋಗಿದ್ದೆ. "ಈ ಮನಿ ನಿಂದ ಐತಿ ಅಳಿಯಾ," ಎಂದು ಮಾವ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ನನ್ನಪ್ಪ ಹಾಗೆ ಒಂದು ದಿನವೂ ಹೇಳಿದವನಲ್ಲ. ಅವನ ಮನೆ ಸುಮ್ಮನೆ ನನ್ನದಾಗಿತ್ತು. ದಿನಾ ಹೇಳಬೇಕಾದ ಮನೆ ನನ್ನದು ಹೇಗಾದೀತು? ಒಮ್ಮೆ ಪಕ್ಕದ ಹೊಲದವನು ಹೊಲ ಹರಗುವ ಕುಂಟೆ ಕೇಳಿದ, ಕೊಟ್ಟುಬಿಟ್ಟೆ.

"ಒಂದ್ ಮಾತು ಕೇಳಿ ಕೊಡಬೇಕಿತ್ತು," ಎಂದರು ಮಾವ.

"ನಂದ ಅಂತಿದ್ರಲ್ಲ ಮಾವಾ?"

"ನಿಂದ ಐತಿ. ಅದಕ್ಕ ಕೇಳು ಅಂತೀನಿ."

ಅವರು ವ್ಯಂಗ್ಯವಾಡಿದ್ದಲ್ಲ, ಮನಸಾರೆ ಹೇಳಿದ್ದು. ಅದಕ್ಕೇ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಗಾಗುತ್ತಲೇ ಹೆಗಲಿಗೆ ಟವೆಲ್ಲು ಹಾಕಿಕೊಂಡೆ.

"ಎಲ್ಲಿಗೆ ಹೊಂಟ್ರಿ?" ಎಂದಳು ಹೆಂಡತಿ.

"ಆದೋನಿಗೆ. ಕೆಲ್ಸ ಹಿಡದು, ಬಾಡಿಗಿಗೆ ಒಂದು ಖೋಲಿ ಮಾಡಿ, ನಿನ್ನ ಕರಕೊಂಡು ಹೋಗ್ತೀನಿ."

"ಸಿಗದಿದ್ರ?"

"ಸಿಗದಿದ್ರ ಬಂದು ನಿಮ್ಮಪ್ಪನ ಕುಂಟಿ ಹಿಡಿತೀನಿ. ಮತ್ತ ಬಾಯಿ ತೆಗಿಯಂಗಿಲ್ಲ."

ಹೇಳಿದ್ದನ್ನು ನಡೆಸುವವನು ನಾನು. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಅದಕ್ಕೇ ದಾರಿಯುದ್ದಕ್ಕೂ ಕೆಲಸ ಸಿಗದಿದ್ದರೆ ಏನೆಂದೇ ಯೋಚಿಸುತ್ತ ನಡೆದೆ.

ಹತ್ತಿಯ ಸುಗ್ಗಿ. ಹತ್ತಿಯ ಬೀಜ ಬಿಡಿಸುವ ಜಿನ್ನಿಂಗ್ ಫ್ಯಾಕ್ಟರಿಗಳ ಗೇಟಿನಿಂದ ಗೇಟಿಗೆ ಎರಡು ದಿನ ಅಲೆದೆ. ಎಲ್ಲ ಕಡೆ ಒಂದೇ ಪ್ರಶ್ನೆ: ಮುಂಚೆ ಮಾಡೀಯೇನು? ಇಲ್ಲ ಎಂದರೆ, ಮಾಡಿದವರು ಬೇಕು, ಹೋಗು. ಮಾಡಿದವನಾಗಬೇಕಾದರೆ ಮೊದಲು ಯಾರಾದರೂ ಮಾಡಗೊಡಬೇಕಲ್ಲ! ಚಹಾದಂಗಡಿಯ ಬೆಂಚಿನ ಮೇಲೆ ಕೂತರೆ ಕಾಲು ತಾನೇ ಕುಣಿಯುತ್ತಿತ್ತು. ಎದ್ದರೆ ಎತ್ತ ಹೋಗಬೇಕು ತಿಳಿಯದು.

ಮೂರನೆಯ ದಿನ ಒಂದು ಗೇಟಿನಲ್ಲಿ ಮೇಸ್ತ್ರಿಯೊಬ್ಬ ತೆಲುಗಿನಲ್ಲಿ, "ಏಮಯ್ಯಾ, ಪನಿ ವಚ್ಚಾ?" ಎಂದ. ಕೆಲಸ ಬರುತ್ತದೆಯೇ ಎಂದು.

"ಬರತೈತ್ರಿ," ಎಂದುಬಿಟ್ಟೆ. "ರಾಯಚೂರಾಗ ಮಾಡೀನಿ."

ಅವನು ಒಳಗೆ ಬಿಟ್ಟ.

ಕೆಲಸ ಬೋರಾ ತುಳಿಯುವುದು. ಬೋರಾ ಎಂದರೆ ಆಳೆತ್ತರದ ಗೋಣಿಚೀಲ. ಮರದ ಚೌಕಟ್ಟಿಗೆ ಅದರ ಬಾಯಿ ಕಟ್ಟಿ ಇಳಿಬಿಟ್ಟಿರುತ್ತಾರೆ. ಒಬ್ಬ ಒಳಗಿಳಿದು ನಿಲ್ಲಬೇಕು. ಮೇಲಿಂದ ಹೆಂಗಸರು ಬುಟ್ಟಿಗಟ್ಟಲೆ ಅರಳೆ ಸುರಿಯುತ್ತಾರೆ. ಅದನ್ನು ತುಳಿದು ಗಟ್ಟಿ ಮಾಡುತ್ತ ಮಾಡುತ್ತ ಅವನೇ ಮೇಲೇರಿ ಹೊರಬರಬೇಕು. ಇದರಲ್ಲೇನಿದೆ ಎಂದುಕೊಂಡು ಇಳಿದೆ. ನಡುಮಧ್ಯ ನಿಂತು ಇದ್ದಬದ್ದ ಶಕ್ತಿಯೆಲ್ಲ ಹಾಕಿ ತುಳಿದೆ. ಮೂಗಿಗೆ, ಗಂಟಲಿಗೆ ಹತ್ತಿಯ ಧೂಳು ನುಗ್ಗಿತು.

"ಏ ಅಣ್ಣಾ," ಎಂದಳು ಬುಟ್ಟಿಯವಳು ಮೇಲಿಂದ, "ಆ ಅರಳಿ ನಿನಗೇನು ಅಂದೈತಿ? ಅಷ್ಟ್ಯಾಕ ಒದಿತಿ?"

ಬೋರಾ ಕೆಳಗಿಳಿಸಿದರು. ಅದು ನಿಲ್ಲಲೇ ಇಲ್ಲ. ನಡುವೆ ಕಲ್ಲಿನಂತೆ ಗಟ್ಟಿ, ಸುತ್ತಲೂ ಸಡಿಲ. ಕುಡಿದವನ ಹಾಗೆ ವಾಲಿ ಗೋಡೆಗೆ ಒರಗಿತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು.

"ರಾಯಚೂರಾಗ ನಡಕ್ಕ ತುಳಿತಾರೇನು?" ಎಂದ ಮೇಸ್ತ್ರಿ, ಈಗ ಕನ್ನಡದಲ್ಲಿ.

ಕೆಲಸ ಬರುತ್ತದೆ ಎನ್ನುವಂತಿಲ್ಲ, ಬೋರಾ ಎದುರಿಗೇ ಬಿದ್ದಿದೆ. ಬರುವುದಿಲ್ಲ ಎಂದರೆ ಇವತ್ತೇ ಪೆದ್ದಕಡುಬೂರಿನ ದಾರಿ. ಯಾರ ಮುಂದೆಯೂ ತಲೆ ತಗ್ಗಿಸದವನು ನನ್ನ ಕಾಲುಬೆರಳನ್ನೇ ನೋಡುತ್ತ, "ಬರಂಗಿಲ್ರಿ. ಸುಳ್ಳು ಹೇಳಿದೆ," ಎಂದೆ.

"ಬೆಳಿಗ್ಗೆ ಇದ ಮಾತು ಹೇಳಿದ್ರ ಗೇಟಿನೊಳಗ ಬಿಡ್ತಿದ್ದಿಲ್ಲ," ಎಂದ ಅವನು. "ಈಗ ಹೇಳಿದಿ, ಇನ್ನ ಕಲಿತಿ. ಹೋಗು, ಅದೆಲ್ಲ ತೆಗೆದು ಮತ್ತ ತುಂಬು. ಅಂಚಿಗುಂಟ ತುಳಿ. ನಡಕ್ಕ ಕಾಲ ಇಡಬ್ಯಾಡ."

"ನಡಕ್ಕ ತುಳಿಯದಿದ್ರ ನಡಕ್ಕ ಹೆಂಗ ಗಟ್ಟಿ ಆಗತೈತ್ರಿ?"

"ತುಳಿಯಲೇ! ಕೇಳಬ್ಯಾಡ."

ಅಂಚು ಹಿಡಿದು ಗಾಣದೆತ್ತಿನ ಹಾಗೆ ಸುತ್ತಿದೆ. ಅಂಚಿನಲ್ಲಿ ಜಾಗ ಸಿಗದ ಅರಳೆ ನಡುವಿಗೆ ಹೋಗಿ ತಾನೇ ಬಿಗಿಯಾಯಿತು. ಸಂಜೆಗೆ ಆ ಬೋರಾ ನೆಟ್ಟಗೆ ನಿಂತಿತು. ಮೇಸ್ತ್ರಿ ಅದಕ್ಕೆ ಮುಷ್ಟಿಯಿಂದ ಗುದ್ದಿ, ಬಾಯಿ ಹೊಲಿಯಲು ದಬ್ಬಣ ತರಿಸಿದ. ನನ್ನನ್ನು ಇಟ್ಟುಕೊಂಡಿದ್ದಾನೆ ಎಂದು ಅದರಿಂದಲೇ ತಿಳಿಯಿತು.

ತಿಳಿದರೂ ನೆಮ್ಮದಿಯಿಲ್ಲ. ಸುಳ್ಳು ಹೇಳದಿದ್ದರೆ ನಿಜ ಹೇಳುವ ಜಾಗಕ್ಕೇ ನಾನು ತಲುಪುತ್ತಿರಲಿಲ್ಲ. ಆ ಸುಳ್ಳನ್ನು ತಪ್ಪು ಎನ್ನಲೇ, ಸರಿ ಎನ್ನಲೇ? ಖೋಲಿ ಸಿಕ್ಕಿ, ಹೆಂಡತಿಯನ್ನು ಕರೆತಂದ ದಿನವೂ ಅದೇ ಕೊರೆಯುತ್ತಿತ್ತು. ಆಕೆ ಹೊಸ್ತಿಲಲ್ಲೇ ನಿಂತು ಕೇಳಿದಳು:

"ಕೆಲ್ಸ ಬರದಾವ್ರನ್ನ ಹೆಂಗ ಇಟ್ಕೊಂಡ್ರು?"

"ಬರಂಗಿಲ್ಲ ಅಂದೆ. ಅದಕ್ಕ ಇಟ್ಕೊಂಡ್ರು."

"ನನ್ನ ಮುಂದರ ಸುಳ್ಳು ಹೇಳಬ್ಯಾಡ್ರಿ," ಎಂದು ಆಕೆ ಗಂಟು ಇಳಿಸಿ ಒಲೆಗೆ ಜಾಗ ನೋಡತೊಡಗಿದಳು.