ಮಿಲ್ಲಿನ ಎದುರಿನ ಗಾಣ

ಚಳ್ಳಕೆರೆಯ ಆ ಟ್ರಸ್ಟಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿದಾಗ ಭಕ್ತರಾದ ವ್ಯಾಪಾರಿಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. ನಮ್ಮದು ಬಿ.ಜಿ. ಕೆರೆಯ ಪಕ್ಕದ ಹಳ್ಳಿ. ಅಲ್ಲಿನ ಗುಡಿಯ ನೆಲಕ್ಕೆ, ಗೋಡೆಗೆ, ಕೊನೆಗೆ ಗಂಟೆಗೂ ದಾನಿಗಳ ಹೆಸರು ಕೆತ್ತಿಸಿದ್ದರು. ಅಡ್ಡ ಬಿದ್ದರೆ ಹಣೆ ಯಾವುದಾದರೂ ಅಂಗಡಿಯ ಹೆಸರಿಗೇ ತಾಗುತ್ತಿತ್ತು. ಐದು ಜನ ದೈವಭಕ್ತ ವ್ಯಾಪಾರಿಗಳು ಸೇರಿ ಟ್ರಸ್ಟ್ ಮಾಡಿದ್ದಾರೆ, ಕೂಲಿಯವರ ಮನೆಯ ಹೆಂಗಸರಿಗೆ, ಕೆಲಸವಿಲ್ಲದವರಿಗೆ ಫೀಸಿಲ್ಲದೆ ಸ್ವಂತ ವ್ಯಾಪಾರ ಕಲಿಸುತ್ತಾರೆ ಎಂದು ಕೇಳಿದಾಗ, ಹೆಸರು ಕೆತ್ತಿಸಲು ಹೊಸ ಜಾಗ ಹುಡುಕಿಕೊಂಡಿದ್ದಾರೆ ಅಂದುಕೊಂಡೆ. ಆದರೂ ಹೋದೆ. ಬಿ.ಕಾಂ. ಮುಗಿಸಿ ನಾನು ಪಾಠ ಹೇಳುತ್ತಿದ್ದ ಟ್ಯುಟೋರಿಯಲ್ ಮುಚ್ಚಿತ್ತು, ಬೇರೆ ಕೆಲಸ ಕಾಣಿಸುತ್ತಿರಲಿಲ್ಲ.

ಟ್ರಸ್ಟಿನ ಹಿರಿಯರು ಒಂದು ಎಣ್ಣೆ ಮಿಲ್ಲಿನ ಯಜಮಾನರು. ಎಪ್ಪತ್ತು ದಾಟಿದ ವಯಸ್ಸು, ಹಣೆಯ ತುಂಬಾ ವಿಭೂತಿ, ಅಂಗಿಯೊಳಗೆ ಇಷ್ಟಲಿಂಗದ ಕರಡಿಗೆಯ ಉಬ್ಬು. ಮಿಲ್ಲಿನ ಆಫೀಸಿನಲ್ಲಿ ನನ್ನನ್ನು ಕೂರಿಸಿಕೊಂಡು, ನಾನು ಜೋಪಾನವಾಗಿ ಫೈಲಿನಲ್ಲಿಟ್ಟು ತಂದಿದ್ದ ಮಾರ್ಕ್ಸ್ ಕಾರ್ಡುಗಳನ್ನು ತೆರೆದೂ ನೋಡದೆ ಪಕ್ಕಕ್ಕಿಟ್ಟರು.

"ಯಾರಿಗಾದ್ರೂ ಏನಾದ್ರೂ ಮಾರಿದೀಯೇನವ್ವ?"

"ಸಣ್ಣೋಳಿದ್ದಾಗ ಅವ್ವ ಮಾಡಿದ ಹಪ್ಪಳ ಮನೆಮನೆಗೆ ಮಾರ್ತಿದ್ದೆ ರೀ."

"ಬ್ಯಾಡ ಅಂದೋರ ಮನಿಗೆ ಇನ್ನೊಂದು ಸಲ ಹೋಗ್ತಿದ್ದ್ಯಾ?"

"ಹೋಗ್ತಿದ್ದೆ ರೀ. ನಾಚಿಕೆ ಆಗ್ತಿತ್ತು, ಆದ್ರೂ ಹೋಗ್ತಿದ್ದೆ."

"ಹಂಗಾದ್ರೆ ನಡೀತೈತೆ. ಸೋಮವಾರದಿಂದ ಬಾ."

ಮಿಲ್ಲಿನ ಹಿಂದಿದ್ದ ಹಳೆಯ ಗೋಡೌನೇ ನಮ್ಮ ಶಾಲೆ. ಗೋಡೆಗಳಿಗೆ ಎಷ್ಟು ಸುಣ್ಣ ಬಳಿದರೂ ಶೇಂಗಾದ ವಾಸನೆ ಹೋಗುತ್ತಿರಲಿಲ್ಲ. ತರಗತಿ ಶುರುವಾಗುವ ಮೊದಲು ಎಲ್ಲರೂ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂರಬೇಕು ಎಂಬುದು ಯಜಮಾನರ ನಿಯಮ. ಯಾವ ದೇವರನ್ನು ನೆನೆಯಬೇಕೆಂದು ಅವರು ಹೇಳುತ್ತಿರಲಿಲ್ಲ. ಮೊದಲ ದಿನಗಳಲ್ಲಿ ನಾನು ಒಂದು ಕಣ್ಣನ್ನು ಅರೆ ತೆರೆದು ಉಳಿದವರನ್ನು ನೋಡುತ್ತಿದ್ದೆ. ಯಜಮಾನರು ಮಾತ್ರ ಆ ಹೊತ್ತಿನಲ್ಲಿ ಅಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಮೌನವಾಗಿರುತ್ತಿದ್ದರು.

ಶನಿವಾರಗಳಂದು ಮೊಳಕಾಲ್ಮೂರಿನಿಂದ ಇನ್ನೊಬ್ಬ ಟ್ರಸ್ಟಿ ಬಸ್ಸಿನಲ್ಲಿ ಬರುತ್ತಿದ್ದರು. ರೇಷ್ಮೆ ಸೀರೆಯ ವ್ಯಾಪಾರದ ಹೆಂಗಸು, ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು ಒಬ್ಬರೇ ಎತ್ತಿ ನಿಲ್ಲಿಸಿದವರು. ಮನೆಮಾತು ತೆಲುಗು. ತಿರುಪತಿ ತಿಮ್ಮಪ್ಪನ ಒಕ್ಕಲಾದ್ದರಿಂದ ಶನಿವಾರ ಉಪವಾಸ. ಬರೀ ಮಜ್ಜಿಗೆ ಕುಡಿದು ಮೂರು ಗಂಟೆ ನಿಂತೇ ಮಾತಾಡುತ್ತಿದ್ದರು. ನಾವೆಲ್ಲ ಅವರನ್ನು ಸೀರೆ ಅಮ್ಮ ಎನ್ನುತ್ತಿದ್ದೆವು.

ಒಂದು ಶನಿವಾರ ಅವರು ನವಿಲು ಬಣ್ಣದ ಸೀರೆಯೊಂದನ್ನು ಬಿಡಿಸಿ ಹರಡಿದರು. ಸೆರಗಿನ ಹತ್ತಿರ ಒಂದು ಎಳೆ ತಪ್ಪಿತ್ತು, ಹುಡುಕಿದರೂ ನಮಗೆ ಸಿಗಲಿಲ್ಲ. ಅವರೇ ಬೆರಳಿಟ್ಟು ತೋರಿಸಿದರು.

"ನಿಮಗೆ ಕಾಣಂಗಿಲ್ಲ, ಗಿರಾಕಿಗೂ ಕಾಣಂಗಿಲ್ಲ. ಸ್ವಾಮಿಗೆ ಕಾಣ್ತದೆ. ಅದಕ್ಕೆ ನಾನು ಸೀರೆ ಬಿಡಿಸಿದ ತಕ್ಷಣ ಮೊದ್ಲು ಇದನ್ನೇ ತೋರಿಸ್ತೀನಿ, ಆಮೇಲೆ ಚಂದ ತೋರಿಸ್ತೀನಿ. ಅರ್ಥಮಾಯ್ತಾ?" ತೆಲುಗು, ಕನ್ನಡ ಎರಡೂ ಬೆರೆತ ಆ ಕೊನೆಯ ಮಾತಿಗೆ ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಬಸ್ಸಿನಲ್ಲಿ ಊರಿಗೆ ಹೋಗುವಾಗ ಆ ತಪ್ಪಿದ ಎಳೆ ಮನಸ್ಸಿನಿಂದ ಹೋಗಲಿಲ್ಲ.

ನನ್ನ ಎರಡನೆಯ ವರ್ಷದ ತಂಡದಲ್ಲಿ ಗೌರಸಮುದ್ರದ ಕಡೆಯ ಒಬ್ಬ ಹೆಂಗಸಿದ್ದಳು. ಮೂವತ್ತೈದರ ಆಸುಪಾಸು. ಗಂಡ ಆಟೋ ಓಡಿಸುತ್ತಿದ್ದ, ಇಬ್ಬರು ಹೆಣ್ಣುಮಕ್ಕಳು. ಅವಳ ತಾಯಿ ಇದೇ ಮಿಲ್ಲಿನ ಅಂಗಳದಲ್ಲಿ ವರ್ಷಗಟ್ಟಲೆ ಹುಳುಕು ತೆಗೆದು ಶೇಂಗಾ ಬೀಜ ಆರಿಸಿದವಳು. ಇವಳೂ ಹತ್ತು ವರ್ಷ ಆರಿಸಿದ್ದಳು. ತರಗತಿಯಲ್ಲಿ ಹೆಚ್ಚು ಮಾತಾಡುತ್ತಿರಲಿಲ್ಲ. ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ, ಹೇಳಿದ್ದನ್ನೆಲ್ಲ ದುಂಡಗೆ ಬರೆದುಕೊಳ್ಳುತ್ತಿದ್ದಳು.

ಪಾಠಗಳು ಮುಗಿಯುವ ವಾರ ಪ್ರತಿಯೊಬ್ಬರೂ ಟ್ರಸ್ಟಿಗಳ ಮುಂದೆ ನಿಂತು ತಾವು ಯಾವ ವ್ಯಾಪಾರ ಮಾಡುತ್ತೇವೆಂದು ಹೇಳಬೇಕಿತ್ತು. ಒಬ್ಬಳು ರೊಟ್ಟಿ ಎಂದಳು, ಒಬ್ಬ ಮೊಬೈಲ್ ರಿಪೇರಿ ಎಂದ. ಇವಳ ಸರದಿ ಬಂತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದು ನಿಂತಳು.

"ಮರದ ಗಾಣ ಹಾಕ್ತೀನ್ರಿ. ಕರೆಂಟಿನ ಗಾಣ. ಜನ ಈಗ ಗಾಣದ ಎಣ್ಣೆ ಕೇಳ್ತಾರೆ."

"ಎಲ್ಲಿ ಹಾಕ್ತೀಯವ್ವ?" ಸೀರೆ ಅಮ್ಮ ಕೇಳಿದರು.

ಅವಳು ಯಜಮಾನರ ಮುಖ ನೋಡಿ, ಆಮೇಲೆ ನೆಲ ನೋಡಿದಳು. "ಇಲ್ಲೇ ರೀ. ಮಿಲ್ಲಿನ ಎದುರಿಗೆ ಒಂದು ಶೆಡ್ಡು ಖಾಲಿ ಐತೆ. ಎಣ್ಣೆಗೆ ಬರೋ ಜನ ಈ ರಸ್ತೆಗೇ ಬರ್ತಾರೆ. ಗಿರಾಕಿ ಇರೋ ಕಡೆ ಅಂಗಡಿ ಹಾಕ್ರಿ ಅಂತ ಯಜಮಾನ್ರೇ ಹೇಳಿಕೊಟ್ಟಿದ್ದು."

ಯಜಮಾನರ ಮುಖ ಬಿಗಿದುಕೊಂಡಿತು. ಊರುಗೋಲು ಹಿಡಿದು ಎದ್ದು ಹೊರಗೆ ಹೋದರು.

ಸಂಜೆಗೆ ಅವರ ಮಗ ಬಂದ. ಮಿಲ್ಲಿನ ಓಡಾಟವೆಲ್ಲ ಆಗ ಅವನದೇ. "ಏನ್ ಮೇಡಂ, ನಮ್ಮ ಗೋಡೌನಾಗೆ ಕುಂತು, ನಮ್ಮ ಫ್ಯಾನಿನ ಗಾಳಿ ಕುಡಿದು, ನಮ್ಮ ಬಾಗ್ಲಿಗೇ ಗಾಣ ಹಾಕೋದು ಕಲಿಸ್ತೀರಾ?" ಎಂದ. ಕೆಲಸ ಹೋಯಿತೆಂದೇ ತಿಳಿದೆ. ನಿಜ ಹೇಳಬೇಕೆಂದರೆ ಒಳಗೊಳಗೇ ಒಂದು ಬಗೆಯ ತೃಪ್ತಿಯೂ ಆಯಿತು. ನಾನು ಅಂದುಕೊಂಡಿದ್ದೇ ಸರಿಯಾಯಿತಲ್ಲ, ಭಕ್ತಿ ಎಲ್ಲಿಗೆ ಮುಗಿಯುತ್ತದೆಂದು ಗೊತ್ತಾಯಿತಲ್ಲ ಎಂಬ ತೃಪ್ತಿ.

ಯಜಮಾನರು ಮೂರು ದಿನ ಗೋಡೌನಿನ ಕಡೆ ಬರಲಿಲ್ಲ. ನಾಲ್ಕನೆಯ ದಿನ ಟ್ರಸ್ಟಿಗಳ ಸಭೆ ಸೇರಿತು. ಚಹಾ ಕೊಡುವ ನೆಪದಲ್ಲಿ ನಾನು ಅಲ್ಲೇ ಇದ್ದೆ. ಅವಳಿಗೆ ಬೇರೆ ಬೀದಿ ನೋಡಿಕೊಳ್ಳಲು ಹೇಳೋಣ ಎಂದರು ಒಬ್ಬರು. ಚಟ್ನಿಪುಡಿ ಮಾಡಿಕೊಳ್ಳಲಿ ಎಂದರು ಇನ್ನೊಬ್ಬರು. ಸೀರೆ ಅಮ್ಮ ಯಜಮಾನರ ಕಡೆ ತಿರುಗಿದರು.

"ಅಣ್ಣಾ, ಒಂದು ಕೇಳ್ತೀನಿ. ನಾವು ಹೇಳ್ಕೊಡೋ ಪಾಠ ನಿಜಾನೋ ಸುಳ್ಳೋ?"

ಯಜಮಾನರು ಚಹಾದ ಲೋಟ ಕೆಳಗಿಟ್ಟರು.

"ನಂಗೆ ಸಿಟ್ಟು ಬಂತು ಕಣಮ್ಮ. ಇಲ್ಲ ಅಂತ ಹೇಳಲ್ಲ. ಆದ್ರೆ ಆಕೆ ಹೇಳಿದ್ರಾಗೆ ತಪ್ಪೇನೈತೆ? ಮೂರು ದಿನ ಹುಡುಕ್ದೆ. ನಂಗೂ ಸಿಗ್ಲಿಲ್ಲ, ನನ್ನ ಮಗನಿಗೂ ಸಿಗ್ಲಿಲ್ಲ. ಹಾಕ್ಲಿ."

ಅಷ್ಟೇ. ಸಭೆ ಮುಗಿಯಿತು. ಯುಗಾದಿಯ ಮುಂದಿನ ವಾರ ಮಿಲ್ಲಿನ ಎದುರಿನ ಶೆಡ್ಡಿನಲ್ಲಿ ಗಾಣ ತಿರುಗಿತು. ಪೂಜೆಗೆ ಟ್ರಸ್ಟಿಗಳೆಲ್ಲ ಬಂದರು. ಯಜಮಾನರು ಒಂದು ತೆಂಗಿನಕಾಯಿ ಒಡೆದು, ಪ್ರಸಾದಕ್ಕೂ ನಿಲ್ಲದೆ ರಸ್ತೆ ದಾಟಿ ಹೋದರು.

ಎರಡು ತಿಂಗಳಾಗಿರಬೇಕು. ಒಂದು ಬೆಳಿಗ್ಗೆ ಅವಳು ಎಣ್ಣೆಯ ಕ್ಯಾನೊಂದನ್ನು ಹಿಡಿದು ನನ್ನ ಬಳಿ ಬಂದಳು. ಕಣ್ಣು ಕೆಂಪಗಿದ್ದವು. ಮುಚ್ಚಳ ತೆಗೆದರೆ ಕಮಟು ವಾಸನೆ ಮೂಗಿಗೆ ಹೊಡೆಯಿತು. ಒಯ್ದವರೆಲ್ಲ ಒಬ್ಬೊಬ್ಬರಾಗಿ ಎಣ್ಣೆ ವಾಪಸ್ ತಂದು ಇಡುತ್ತಿದ್ದರು.

"ಬೀಜ ನಾನೇ ಆರಿಸಿದ್ದು ಮೇಡಂ. ಒಂದು ಹುಳುಕು ಬಿಟ್ಟಿಲ್ಲ. ಎಲ್ಲಿ ತಪ್ಪಿತೋ ಗೊತ್ತಾಗವಲ್ದು. ಮಿಲ್ಲಿನೋರೇ ಏನೋ ಮಾಡಿಸ್ಯಾರೆ ಅಂತಾರೆ ಜನ. ನಾನು ನಂಬಲ್ಲ. ಆದ್ರೆ ಗಾಣ ಮುಚ್ತೀನಿ."

ನನಗೆ ಎಣ್ಣೆಯ ವಿಷಯ ಗೊತ್ತಿರಲಿಲ್ಲ. ಗೊತ್ತಿದ್ದವರು ಇಡೀ ಊರಿನಲ್ಲಿ ಒಬ್ಬರೇ, ಅವರನ್ನು ಕೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ಮಧ್ಯಾಹ್ನದವರೆಗೆ ತಡೆದು ಕೊನೆಗೆ ನಾನೇ ಮಿಲ್ಲಿನ ಆಫೀಸಿಗೆ ಹೋಗಿ ವಿಷಯ ಹೇಳಿದೆ. ಯಜಮಾನರು ಊಟಕ್ಕೆ ಕೂತಿದ್ದರು. ಕೇಳಿ ಮುಗಿಸಿದವರು ತಟ್ಟೆಯಲ್ಲಿದ್ದ ಮುದ್ದೆಯನ್ನು ಪೂರ್ತಿ ಮಾಡಿ, ಕೈ ತೊಳೆದು, ಊರುಗೋಲು ತೆಗೆದುಕೊಂಡರು.

"ನಡಿ."

ಚಳ್ಳಕೆರೆಯ ಮೇ ತಿಂಗಳ ಬಿಸಿಲು. ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಎಪ್ಪತ್ತು ದಾಟಿದ ಮನುಷ್ಯ ರಸ್ತೆ ದಾಟುವುದನ್ನು ಮಿಲ್ಲಿನ ಹಮಾಲರು ಚೀಲ ಇಳಿಸುವುದನ್ನು ಬಿಟ್ಟು ನೋಡಿದರು. ಮಗ ಬಾಗಿಲಿಗೆ ಬಂದು "ಅಪ್ಪಾಜಿ" ಎಂದ. ಅವರು ತಿರುಗಲಿಲ್ಲ.

ಶೆಡ್ಡಿನೊಳಗೆ ಅವಳು ಗಾಬರಿಯಿಂದ ಸ್ಟೂಲು ಒರೆಸಿ ಇಟ್ಟಳು. ಅವರು ಕೂರಲಿಲ್ಲ. ಮೂಲೆಯ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ಬೀಜ ತೆಗೆದರು. ಒಂದನ್ನು ಹೆಬ್ಬೆರಳಿನಿಂದ ಮುರಿದು, "ಸದ್ದು ಕೇಳಿಸ್ತೇನವ್ವ?" ಎಂದರು.

"ಇಲ್ರೀ."

"ಕೇಳಿಸ್ಬೇಕು. ಟಕ್ ಅನ್ಬೇಕು. ಇದು ಬಾಗ್ತೈತೆ. ಇದರಾಗೆ ಇನ್ನೂ ನೀರೈತೆ. ಆರ್ಸೋದು ಕಲ್ತೀಯಾ, ಒಣಗ್ಸೋದು ಕಲ್ತಿಲ್ಲ. ನಿಮ್ಮ ಅವ್ವನ ಕೈಗೆ, ನಿನ್ನ ಕೈಗೆ ಬರೋವಾಗ್ಲೇ ಬೀಜ ಒಣಗಿರ್ತಿತ್ತು, ಅದಕ್ಕೆ ನಿಂಗೆ ಗೊತ್ತಿಲ್ಲ."

ಆಮೇಲೆ ಅವರು ಅಂಗಿಯ ತೋಳು ಮೇಲೇರಿಸಿದರು. ಅಂಗಳದಲ್ಲಿ ಬೀಜವನ್ನು ಎಷ್ಟು ತೆಳ್ಳಗೆ ಹರಡಬೇಕು, ಬಿಸಿಲಿನಲ್ಲಿ ಎಷ್ಟು ಸಲ ಕೈಯಾಡಿಸಬೇಕು, ಅತಿಯಾಗಿ ಒಣಗಿದರೆ ಗಾಣಕ್ಕೆ ಹಾಕುವಾಗ ಎಷ್ಟು ಬಿಸಿನೀರು ಚಿಮುಕಿಸಬೇಕು, ಇಳಿದ ಎಣ್ಣೆಯನ್ನು ಎಷ್ಟು ದಿನ ಬಿಸಿಲಿಗಿಟ್ಟರೆ ಮಡ್ಡಿ ತಳಕ್ಕೆ ಕೂರುತ್ತದೆ, ಎಲ್ಲವನ್ನೂ ಮಾಡಿ ತೋರಿಸಿದರು. ಬೆರಳ ತುದಿಯಲ್ಲಿ ಎಣ್ಣೆ ಮುಟ್ಟಿ ಕಿವಿಯ ಹತ್ತಿರ ಉಜ್ಜಿ ಏನನ್ನೋ ಕೇಳಿಸಿಕೊಳ್ಳುತ್ತಿದ್ದರು. ಅದೇನೆಂದು ನನಗೆ ಇವತ್ತಿಗೂ ತಿಳಿದಿಲ್ಲ, ಅವಳಿಗೆ ತಿಳಿಯಿತು. ಐವತ್ತು ವರ್ಷಗಳಲ್ಲಿ ಅವರ ಕೈಗೆ ಬಂದದ್ದೆಲ್ಲ ಆ ಬಿಸಿಲಲ್ಲಿ, ರಸ್ತೆಯಾಚೆ ಅವರದೇ ಮಿಲ್ಲು ಸದ್ದು ಮಾಡುತ್ತಿರುವಾಗ, ಅವರ ಗಿರಾಕಿಗಳನ್ನು ಸೆಳೆಯಲಿರುವ ಹೆಂಗಸಿನ ಕೈಗೆ ದಾಟುತ್ತಿತ್ತು. ನಾನು ಗೋಡೆಗೆ ಅಂಟಿಕೊಂಡು ನಿಂತಿದ್ದೆ. ಗುಡಿಯ ಗರ್ಭಗುಡಿಯ ಬಾಗಿಲಲ್ಲೂ ನನ್ನ ಮೈ ಹಾಗೆ ಜುಮ್ಮೆಂದದ್ದು ನೆನಪಿಲ್ಲ.

ಎಲ್ಲ ಮುಗಿದಾಗ ಅವಳು ಅವರ ಕಾಲಿಗೆ ಬಿದ್ದಳು.

"ಏಳವ್ವ, ಏಳು. ಬೀಳಬ್ಯಾಡ." ಅವರು ಊರುಗೋಲು ಹಿಡಿದು ಒಂದು ಹೆಜ್ಜೆ ಹಿಂದೆ ಸರಿದರು. "ನಿನ್ನೆ ನಮ್ಮ ಹಮಾಲ ಒಬ್ಬ ಬಂದು ನಿನ್ನ ಎಣ್ಣೆ ಕೆಟ್ಟೈತೆ ಅಂದ. ನಂಗೆ ಖುಷಿ ಆತು. ಇವತ್ತು ಬೆಳಗ್ಗೆ ಅಂಗೈಯಾಗೆ ಲಿಂಗ ಇಟ್ಕಂಡು ಕುಂತ್ರೆ ಪೂಜೆ ಸಾಗ್ಲಿಲ್ಲ. ಆ ಖುಷಿ ಕಣ್ಣ ಮುಂದೆ ಬಂದು ಕುಂತು ಬಿಡ್ತು. ಈ ಮೇಡಂ ಬರದೇ ಇದ್ದಿದ್ರೆ ನಾನೇ ಬರ್ತಿದ್ನೋ ಇಲ್ಲೋ, ಶಿವನಿಗೇ ಗೊತ್ತು. ನೀನು ನನ್ನ ಕಾಲಿಗೆ ಬೀಳೋದಲ್ಲ."

ಅವಳು ಅಳುತ್ತಿದ್ದಳು. ನಾನೂ ಅತ್ತೆ. ಅವರು ಮಾತ್ರ ಕೈಗಂಟಿದ ಸಿಪ್ಪೆ ಕೊಡವಿಕೊಂಡು ಹೊರಟರು.

ಆಮೇಲೆ ಗಾಣದ ವ್ಯಾಪಾರ ನೆಲೆಯೂರಿತು ಎಂದು ಹೇಳುವ ಅಗತ್ಯವಿಲ್ಲ. ಈಗ ಅಲ್ಲಿ ಎರಡು ಗಾಣಗಳಿವೆ, ಅವಳ ಗಂಡ ಆಟೋದಲ್ಲಿ ಮೊಳಕಾಲ್ಮೂರಿನವರೆಗೂ ಎಣ್ಣೆ ಮುಟ್ಟಿಸುತ್ತಾನೆ. ಗಾಣದ ಎಣ್ಣೆ ಐತಾ ಎಂದು ಮಿಲ್ಲಿಗೆ ಬಂದವರಿಗೆ ಯಜಮಾನರೇ ಊರುಗೋಲಿನಿಂದ ರಸ್ತೆಯಾಚೆ ತೋರಿಸುತ್ತಾರೆ. ಮಗ ಒಂದು ವರ್ಷ ನನ್ನೊಂದಿಗೆ ಮಾತು ಬಿಟ್ಟಿದ್ದ. ಆಮೇಲೆ ಒಂದು ದಿನ ತಾನಾಗಿ ಗೋಡೌನಿಗೆ ಬಂದು, ಮಾರುಕಟ್ಟೆಯಲ್ಲಿ ಶೇಂಗಾ ಕೊಳ್ಳುವಾಗ ಮೋಸ ಹೋಗದಿರುವುದು ಹೇಗೆಂದು ಅರ್ಧ ಗಂಟೆ ಪಾಠ ಮಾಡಿದ. ಬೆವರಿ ಒದ್ದೆಯಾಗಿದ್ದ. ಚೆನ್ನಾಗಿಯೇ ಮಾಡಿದ. ಬೀಜ ಒಣಗಿಸುವ ಪಾಠ ಮಾತ್ರ ಈಗ ಅವಳದೇ.

ಕಳೆದ ಚಳಿಗಾಲದಲ್ಲಿ ಹೊಸ ತಂಡವನ್ನು ಮೊಳಕಾಲ್ಮೂರು ಕಡೆಯ ಸಿದ್ದಾಪುರದ ಬ್ರಹ್ಮಗಿರಿ ಬೆಟ್ಟಕ್ಕೆ ಕರೆದುಕೊಂಡು ಹೋಗಿದ್ದೆವು. ಎಲ್ಲರೂ ಬೆಟ್ಟದ ಬಂಡೆಗಳ ಮೇಲೆ ಚದುರಿದರು. ಸೀರೆ ಅಮ್ಮ ಹುಡುಗಿಯರಿಗೆ ತೆಲುಗಿನಲ್ಲಿ ಗದರುತ್ತಾ ಹತ್ತಿಸುತ್ತಿದ್ದರು. ಹತ್ತಲಾಗದ ಯಜಮಾನರು ಕೆಳಗೆ ಮರದ ನೆರಳಲ್ಲಿ ಕೂತಿದ್ದರು, ಜೊತೆಗೆ ನಾನು. ಬುತ್ತಿ ಬಿಚ್ಚಿದೆ. ರೊಟ್ಟಿ, ಶೇಂಗಾ ಚಟ್ನಿ. ಇಷ್ಟು ವರ್ಷ ಕೇಳಬೇಕೆಂದಿದ್ದನ್ನು ಕೇಳಿದೆ.

"ಯಜಮಾನ್ರೇ, ಆವತ್ತು ಎಲ್ಲಾ ಹೇಳಿಕೊಟ್ರಲ್ಲ. ಈಗ ಮನಸ್ಸು ಹಗುರಾಗೈತಾ?"

ಅವರು ರೊಟ್ಟಿ ಮುರಿಯುತ್ತಾ ನಕ್ಕರು. ಹಲ್ಲಿಲ್ಲದ, ಮಗುವಿನಂಥ ನಗು.

"ಎಲ್ಲಿ ಹಗುರವ್ವ? ಆಕೆ ಶೆಡ್ಡಿನ ಮುಂದೆ ನಾಕು ಗಾಡಿ ನಿಂತ್ರೆ ಈಗ್ಲೂ ಹೊಟ್ಟೆ ಉರೀತೈತೆ. ದಿನಾ ಬೆಳಗ್ಗೆ ಅದನ್ನೇ ಶಿವನ ಮುಂದೆ ಇಡ್ತೀನಿ. ಆತ ತಗಳಲ್ಲ, ವಾಪಸ್ ಕೊಡ್ತಾನೆ. ನಾಳೆ ಮತ್ತೆ ಇಡ್ತೀನಿ."

ಇಷ್ಟು ಹೇಳಿ ಚಟ್ನಿ ಇನ್ನೂ ಸ್ವಲ್ಪ ಹಾಕು ಎಂದು ಕೈ ಚಾಚಿದರು. ನಾನು ಹಾಕಿದೆ. ಅಸೂಯೆ ಇಲ್ಲದವರು ಮಾತ್ರ ದೊಡ್ಡವರೆಂದು ನಾನು ಅಲ್ಲಿಯವರೆಗೂ ತಿಳಿದಿದ್ದೆ. ಇಲ್ಲಿ ಒಬ್ಬರು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ದಿನವೂ ಗಿರಾಕಿಗಳಿಗೆ ರಸ್ತೆಯಾಚೆಯ ದಾರಿ ತೋರಿಸುತ್ತಿದ್ದರು. ಬಂಡೆಗಳ ಮೇಲಿನಿಂದ ಹುಡುಗಿಯರು ಕೂಗಿ ಕರೆಯುತ್ತಿದ್ದರು, ಬರುತ್ತೇನೆಂದು ಕೈಬೀಸಿ ನಾನು ಯಜಮಾನರ ಪಕ್ಕದಲ್ಲೇ ಕೂತಿದ್ದೆ.