ಭಾವ ಹಿಡಿದ ಟ್ಯೂನಾ

ಭಾವನ ಅಂಗಿಗಳ ಗುಂಡಿಗಳನ್ನೆಲ್ಲ ನಮ್ಮಕ್ಕ ಬಿಚ್ಚಿ ತೆಗೆದು, ಆ ಜಾಗದಲ್ಲಿ ಒತ್ತಿದರೆ ಅಂಟಿಕೊಳ್ಳುವ ವೆಲ್ಕ್ರೋ ಪಟ್ಟಿ ಹೊಲಿದಿದ್ದಾಳೆ. ಎರಡು ವರ್ಷದ ಹಿಂದೆ ಭಾವನಿಗೆ ಸ್ಟ್ರೋಕ್ ಆಗಿ ಎಡಗೈ ಅರ್ಧ ಮಾತು ಕೇಳುವುದನ್ನು ಬಿಟ್ಟಿತು. ಒಂದು ಅಂಗಿ ಹಾಕಿಕೊಳ್ಳಲು ಕಾಲು ಗಂಟೆ ಒದ್ದಾಡುವುದನ್ನು ಅವಳಿಂದ ನೋಡಲಾಗಲಿಲ್ಲ. ಜೂಟರ್‌ಮೀರ್‌ನ ಅವರ ಮನೆಗೆ ಯುಟ್ರೆಕ್ಟ್‌ನಿಂದ ವಾರಕ್ಕೊಮ್ಮೆ ಹೋಗುವ ನಾನೂ ಏನು ಕಡಿಮೆಯವಳಲ್ಲ. ಅವರ ಕೈಯ ಚೀಲ, ಛತ್ರಿ, ಕಡೆಗೆ ಕಾಫಿ ಲೋಟವನ್ನೂ ಬಿಡದೆ ಇಸಿದುಕೊಂಡವಳು.

ನಮ್ಮ ಕಡೆ ಮರ್ಯಾದೆಯ ಅರ್ಧ ಪಾಲು ಎಂದರೆ ಕೈಯಿಂದ ಕಿತ್ತುಕೊಳ್ಳುವುದೇ ಅಲ್ಲವೇ, ನೀವೇ ಹೇಳಿ. ಹಿರಿಯರು ಭಾರ ಹೊತ್ತು ಬರುವಾಗ ಕಿರಿಯರು ಕೈಕಟ್ಟಿ ನಿಂತರೆ ನೋಡಿದವರು ಸುಮ್ಮನಿರುತ್ತಾರೆಯೇ? 'ಕೊಡಿ ಇಲ್ಲಿ' ಎನ್ನಬೇಕು, ಅವರು 'ಬೇಡಮ್ಮ' ಎನ್ನಬೇಕು, ಆ 'ಬೇಡ'ವನ್ನು ಕಿವಿಗೆ ಹಾಕಿಕೊಳ್ಳದೆ ಎಳೆದುಕೊಳ್ಳಬೇಕು. ಹೀಗೆ ಬೆಳೆದ ಕೈಗಳು ನಮ್ಮವು, ಯೋಚನೆಗಿಂತ ಮೊದಲೇ ಮುಂದೆ ಚಾಚಿಬಿಡುತ್ತವೆ.

ಶ್ರೀರಂಗಪಟ್ಟಣದ ಭಾವ ಕಾವೇರಿಯಲ್ಲಿ ಬಿದಿರು ಕೋಲಿಗೆ ಎರೆಹುಳ ಸಿಕ್ಕಿಸಿ ಕೂರುತ್ತಿದ್ದವರು. ಈ ಡಚ್ಚರ ದೇಶಕ್ಕೆ ಬಂದ ಮೇಲೆ ಆ ಚಪಲ ನದಿಯಿಂದ ಸಮುದ್ರಕ್ಕೆ ಬೆಳೆಯಿತು. ಬಾಡಿಗೆ ದೋಣಿಯಲ್ಲಿ ಉತ್ತರ ಸಮುದ್ರದ ಒಳಗೆ ಎರಡು ದಿನದ ದಾರಿ ಹೋಗಿ ಟ್ಯೂನಾ ಹಿಡಿಯಬೇಕೆಂಬುದು ಅವರ ಹಟ. ಹಿಡಿದರೂ ಮನೆಗೆ ತರುವಂತಿಲ್ಲ. ಸಂಶೋಧಕರ ಪರವಾನಗಿಯ ದೋಣಿಯದು, ಮೀನಿನ ಬೆನ್ನಿಗೆ ಗುರುತಿನ ಪಟ್ಟಿ ಚುಚ್ಚಿ ಮತ್ತೆ ನೀರಿಗೇ ಬಿಡಬೇಕು. ಸಿಗುವುದೆಲ್ಲ ಇಷ್ಟೆ: ಕ್ಯಾಪ್ಟನ್ನನ ಕೋಣೆಯ ಕಪ್ಪು ಹಲಗೆಯ ಮೇಲೆ ಹಿಡಿದವರ ಹೆಸರು. ಕಾಯಿಲೆಗೆ ಮುಂಚೆ ಎರಡು ಸಲ ಹೋಗಿ ಬರಿಗೈಯಲ್ಲಿ ಬಂದಿದ್ದರು. ಈ ಸಲ ಅಕ್ಕ, 'ಇದೇ ಕೊನೆ ರೀ, ಆಮೇಲೆ ಸಮುದ್ರದ ಮಾತು ಎತ್ತಬಾರದು' ಎಂದು ಆಣೆ ಹಾಕಿಸಿಕೊಂಡು, ಕಾವಲಿಗೆ ನನ್ನನ್ನು ಜೊತೆ ಮಾಡಿ ಕಳಿಸಿದಳು.

ದೋಣಿ ಹೊರಡುವ ಮುನ್ನವೇ ಕ್ಯಾಪ್ಟನ್, ಬಿಳಿಗಡ್ಡದ ಮುದುಕ, ನಿಯಮ ಹೇಳಿದ. ಒಬ್ಬರ ಗಾಳಕ್ಕೆ ಮೀನು ಬಿದ್ದರೆ ಉಳಿದವರೆಲ್ಲ ತಮ್ಮ ದಾರ ಮೇಲೆ ಎಳೆದುಕೊಳ್ಳಬೇಕು; ಆ ಕೋಲನ್ನು ಮಾತ್ರ ಇನ್ನೊಬ್ಬರು ಮುಟ್ಟಬಾರದು, ಮುಟ್ಟಿದರೆ ಆ ಮೀನು ಯಾರದ್ದೂ ಅಲ್ಲ. ನಾನು ಎಲ್ಲದಕ್ಕೂ ಕತ್ತು ಆಡಿಸಿದೆ. ಬರೀ ಕಾವಲಿಗೆ ಬಂದವಳಿಗೆ ನಿಯಮ ಯಾವುದಾದರೇನು!

ಮೂರನೆಯ ದಿನ ನಡುಹಗಲ ಬಿಸಿಲಿನಲ್ಲಿ ಭಾವನ ಕೋಲಿನ ರೀಲು ಕಿರುಚಿತು, ಮೀನು ಗಾಳಕ್ಕೆ ಬಿದ್ದಿತ್ತು. ಸೊಂಟದ ಪಟ್ಟಿಗೆ ಕೋಲಿನ ಬುಡ ಊರಿ, ಎಡಗೈಯನ್ನು ಕೋಲಿಗೆ ಪಟ್ಟಿಯಿಂದ ಬಿಗಿದು, ಬಲಗೈಯಲ್ಲಿ ರೀಲು ತಿರುಗಿಸುತ್ತಾ ಅವರು ನಿಂತರು. ಮುಕ್ಕಾಲು ಗಂಟೆ! ಅಷ್ಟು ಹೊತ್ತು ಒಂದೇ ಕೆಲಸ ಮಾಡಿದ ಭಾವನನ್ನು ನಾನು ಎರಡು ವರ್ಷದಿಂದ ಕಂಡಿರಲಿಲ್ಲ. ಮುಖ ಕೆಂಪಾಗಿತ್ತು, ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಹಸಿರು ನೀರಿನ ಅಡಿಯಲ್ಲಿ ಬೆಳ್ಳಗೆ, ಒಂದು ಸ್ಕೂಟರಿನಷ್ಟು ದೊಡ್ಡದು ಹೊರಳಿದ್ದು ಕಂಡಿತು. ಆಗ ಕೋಲಿನ ತುದಿ ದಡಕ್ಕನೆ ಕೆಳಗಿಳಿಯಿತು, ಭಾವನ ಮೊಣಕಾಲು ಮಡಚಿತು.

ಬಿದ್ದೇಬಿಟ್ಟರು ಅಂದುಕೊಂಡೆ. 'ಭಾವ, ಬಿಡಿ, ಕೊಡಿ ಇಲ್ಲಿ!' ಎಂದು ಎರಡೂ ಕೈಯಲ್ಲಿ ಕೋಲು ಹಿಡಿದೆ.

'ನೀಟ್ ಆನ್‌ಕೊಮನ್!' ಎಂದು ಕ್ಯಾಪ್ಟನ್ ಕೂಗಿದ. ಅಂಗಡಿಯಲ್ಲಿ ಗಾಜಿನ ಸಾಮಾನಿಗೆ ಕೈಹಾಕುವ ಮಕ್ಕಳಿಗೆ ಇಲ್ಲಿಯ ತಾಯಂದಿರು ಹೇಳುವ ಮಾತು ಅದು, ಮುಟ್ಟಬೇಡ ಅಂತ. ನಾನು ಕೈ ತೆಗೆದೆ. ತಡವಾಗಿತ್ತು.

ಭಾವ ಬೀಳುತ್ತಿರಲಿಲ್ಲ. ದಾರ ಸಡಿಲ ಮಾಡಿ ಸುತ್ತಿಕೊಳ್ಳಲು ಬೇಕೆಂದೇ ಕೋಲು ತಗ್ಗಿಸಿ ಕಾಲು ಬಗ್ಗಿಸಿದ್ದರು. ಬಲ್ಲವರೆಲ್ಲ ಹಾಗೆಯೇ ಮಾಡುತ್ತಾರಂತೆ. ಅವರೇ ಮೀನನ್ನು ದೋಣಿಯ ಪಕ್ಕಕ್ಕೆ ತಂದರು. ದೋಣಿಯವರು ಗುರುತಿನ ಪಟ್ಟಿ ಚುಚ್ಚಿದರು, ಕೊಕ್ಕೆ ಬಿಡಿಸಿದರು, ಅದು ಒಮ್ಮೆ ಬಾಲ ಬೀಸಿ ಆಳಕ್ಕೆ ಹೋಯಿತು. ಕ್ಯಾಪ್ಟನ್ ಹಲಗೆಯ ಹತ್ತಿರ ಹೋಗಿ ಸೀಮೆಸುಣ್ಣ ಕೈಗೆ ತೆಗೆದುಕೊಂಡವನು, ಹೆಸರು ಬರೆಯದೆ ಮತ್ತೆ ಅಲ್ಲೇ ಇಟ್ಟ. ಅಳಿಸಿಹೋಗುವ ಸುಣ್ಣದ ಗೆರೆಗೆ ಇಷ್ಟು ಬೆಲೆ ಇದೆಯೆಂದು ನನಗೆ ಆ ಕ್ಷಣದವರೆಗೆ ತಿಳಿದಿರಲಿಲ್ಲ.

ವಾಪಸು ಬರುವಾಗ ಭಾವ ಸಮುದ್ರ ನೋಡುತ್ತಲೇ ಹೇಳಿದರು. 'ಗುಂಡಿ ಹೋಯ್ತು, ಕಾರ್ ಕೀ ಹೋಯ್ತು, ಕಾಫಿ ಲೋಟಾನೂ ನೀವೇ ಹಿಡ್ಕೊಂಡ್ರಿ. ಸರಿ, ಪ್ರೀತಿ ಅಂತ ಸುಮ್ಮನಿದ್ದೆ. ಇದೊಂದು ನಂದು ಅಂತ ಇತ್ತಲ್ಲಮ್ಮ ಸುಮಾ.'

'ಬಿದ್ದೋಗ್ತೀರ ಅಂತ ಭಯ ಆಯ್ತು ಭಾವ.'

'ಬಿದ್ರೆ ಎದ್ದೇಳ್ತಿದ್ದೆ.'

ನನಗೆ ಅಳು ಬಂತು. ಜೊತೆಗೆ ಸ್ವಲ್ಪ ಸಿಟ್ಟೂ ಬಂತು, ಸುಳ್ಳೇಕೆ ಹೇಳಲಿ. ಒಳ್ಳೆಯದು ಮಾಡಹೋದವಳಿಗೆ ಈ ಬಹುಮಾನವೇ ಎಂದುಕೊಂಡೆ. ಆದರೆ ಬಂದರು ಮುಟ್ಟುವವರೆಗೆ ಮಾಡಲು ಬೇರೇನೂ ಕೆಲಸವಿಲ್ಲದೆ ಅದನ್ನೇ ತಿರುವಿ ಹಾಕುತ್ತಾ ಕೂತಾಗ, ನಾನು ಹಿಡಿದದ್ದು ಅವರ ಭಾರವನ್ನಲ್ಲ, ನನ್ನ ಭಯವನ್ನು ಎಂಬುದು ನಿಧಾನಕ್ಕೆ ಹೊಳೆಯಿತು. ಕಷ್ಟ ಪಡುವವರನ್ನು ನೋಡುವ ಕಷ್ಟ ನಮಗೆ ಬೇಡ. ಅದಕ್ಕೇ ಅವರ ಕೈಯಿಂದ ಕೆಲಸ ಕಸಿದು, ಅದಕ್ಕೆ ಸೇವೆಯೆಂದು ಹೆಸರಿಟ್ಟು, ಪುಣ್ಯವನ್ನೂ ನಾವೇ ಕಟ್ಟಿಕೊಳ್ಳುತ್ತೇವೆ. ಕೈ ಕೊಡುವುದಕ್ಕೂ ಕೈ ಹಾಕುವುದಕ್ಕೂ ಇರುವ ಅಂತರ ನನಗೆ ಈ ವಯಸ್ಸಿನಲ್ಲಿ, ಅದೂ ಇಷ್ಟು ದುಬಾರಿಯಾಗಿ ಗೊತ್ತಾಗಬೇಕಿತ್ತೇ?

ದೋಣಿ ದಡ ಸೇರಿತು. ಅಕ್ಕ ಕಲ್ಲುಕಟ್ಟೆಯ ಮೇಲೆ ಕಾಯುತ್ತಿದ್ದಳು. ಭಾವ ಗಾಳದ ಪೆಟ್ಟಿಗೆಯನ್ನು ಬಲಗೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದರು; ನಾನು ಅವರಿಗಿಂತ ಮೊದಲೇ ಹತ್ತಿ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಿದ್ದೆ. ಕೊನೆಯ ಮೆಟ್ಟಿಲಲ್ಲಿ ಅವರು ನಿಜವಾಗಿಯೂ ಎಡವಿದರು. ಮೊಣಕಾಲು ಕಲ್ಲಿಗೆ ಬಡಿಯಿತು, ಪೆಟ್ಟಿಗೆ ಬಾಯಿಬಿಟ್ಟು ಸೀಸದ ಗುಂಡುಗಳು, ರಬ್ಬರಿನ ಮೀನುಗಳು ಒದ್ದೆ ನೆಲದ ತುಂಬ ಚೆಲ್ಲಿದವು.

'ಅಯ್ಯೋ, ಹಿಡ್ಕೊಳ್ಳೇ ಅವರನ್ನ! ಕಲ್ಲಿನ ಹಾಗೆ ನಿಂತಿದೀಯಲ್ಲೇ!' ಎಂದು ಅಕ್ಕ ಚೀರುತ್ತಾ ಓಡಿ ಬಂದಳು. ನಾನು ಅಡ್ಡ ನಿಂತೆ. 'ಬಿಡಕ್ಕ' ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಭಾವ ಒಂದೊಂದನ್ನೇ ಹೆಕ್ಕತೊಡಗಿದರು. ಪ್ಯಾಂಟಿನ ಮೊಣಕಾಲು ಹರಿದು ರಕ್ತ ಜಿನುಗುತ್ತಿತ್ತು. ರಬ್ಬರ್ ಮೀನೊಂದು ಉರುಳಿ ನನ್ನ ಶೂಗೆ ತಾಗಿ ನಿಂತಿತ್ತು. ಬಗ್ಗಿದರೆ ಒಂದು ಗಳಿಗೆಯ ಕೆಲಸ. ಹಿರಿಯರು ನನ್ನ ಕಾಲ ಬಳಿ ಬಗ್ಗುವುದನ್ನು ನೋಡುತ್ತಾ ನಿಲ್ಲುವ ಪಾಪ ಎಷ್ಟು ಜನ್ಮಕ್ಕೆ ಅಂಟುತ್ತದೋ ದೇವರೇ ಬಲ್ಲ. ಹಿಂದಕ್ಕೆ ಕಟ್ಟಿದ ಕೈಗಳನ್ನು ಒಂದನ್ನೊಂದು ಹಿಂಡಿಕೊಂಡೆ. ಭಾವ ಮೊಣಕಾಲಿನ ಮೇಲೆಯೇ ತೆವಳಿ ಬಂದು, ನನ್ನ ಪಾದದ ಪಕ್ಕದಿಂದ ಅದನ್ನು ಎತ್ತಿ ಪೆಟ್ಟಿಗೆಗೆ ಹಾಕಿ, ಮುಚ್ಚಳ ಒತ್ತಿದರು. ಆಮೇಲೆ ತಲೆಯೆತ್ತಿ, ಮೀನು ಹೋದ ಮೇಲೆ ಮೊದಲ ಸಲ ನನ್ನ ಮುಖವನ್ನು ನೇರ ನೋಡಿ, 'ಹ್ಞಾಂ, ಈಗ ಕೈ ಕೊಡು' ಅಂದರು.